ಟ್ರಾನ್ಸ್ ಕೊಬ್ಬು: ಪೊಟ್ಟಣದ ಮೇಲಿನ ಸೊನ್ನೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ತುಂಗಭದ್ರೆ:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಮಾವನವರಿಗೆ ಎದೆನೋವು ಬಂದು, ಎರಡು ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಿದ್ದಾರೆ. ವಯಸ್ಸು 58. ಬೀಡಿ, ಸಿಗರೇಟು ಮುಟ್ಟಿದವರಲ್ಲ. ದಿನವೂ ಬೆಳಿಗ್ಗೆ ಹೊಳೆಯ ದಂಡೆಯವರೆಗೆ ನಡೆದು ಬರುವವರು. ಅವರಿಗಿದ್ದ ಒಂದೇ ಚಪಲವೆಂದರೆ ಸಂಜೆ ಚಹಾದ ಜೊತೆ ಬೇಕರಿಯ ಎರಡು ಖಾರಿ, ಇಲ್ಲವೇ ಒಂದು ಪಫ್ಸ್. ಅದು ಮೂವತ್ತು ವರ್ಷಗಳಿಂದ ಒಂದು ದಿನವೂ ತಪ್ಪದೆ ನಡೆದು ಬಂದಿದೆ.

ಆಸ್ಪತ್ರೆಯಿಂದ ಹೊರಡುವಾಗ ಕೊಟ್ಟ ಆಹಾರದ ಚೀಟಿಯಲ್ಲಿ ‘ಟ್ರಾನ್ಸ್ ಕೊಬ್ಬು ಸಂಪೂರ್ಣ ವರ್ಜ್ಯ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಅದು ಯಾವುದರಲ್ಲಿ ಇರುತ್ತದೆ ಎಂದು ವಿವರಿಸುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಮನೆಯಲ್ಲಿ ಈಗ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆಯವರು ತುಪ್ಪವನ್ನೇ ನಿಲ್ಲಿಸಿಬಿಟ್ಟಿದ್ದಾರೆ. ಯಜಮಾನರು, ಪೊಟ್ಟಣದ ಮೇಲೆ ಸೊನ್ನೆ ಎಂದು ಅಚ್ಚಾಗಿರುವ ಬಿಸ್ಕತ್ತನ್ನು ತಂದು, ಇದನ್ನು ಎಷ್ಟು ತಿಂದರೂ ತೊಂದರೆಯಿಲ್ಲ ಎನ್ನುತ್ತಾರೆ. ಪಕ್ಕದ ಮನೆಯವರು, ಕರಿದ ಎಣ್ಣೆಯನ್ನು ಎರಡನೇ ಸಲ ಕಾಯಿಸಿದರೆ ಅದೇ ಟ್ರಾನ್ಸ್ ಕೊಬ್ಬು ಎನ್ನುತ್ತಾರೆ. ಇವುಗಳಲ್ಲಿ ಯಾವುದು ನಿಜ ಎಂದು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು. ಮುಂದಿನ ತಿಂಗಳು ಮನೆಯಲ್ಲಿ ನಾಮಕರಣವಿದೆ. ಚಿರೋಟಿ, ನಿಪ್ಪಟ್ಟು ಮಾಡಬೇಕು. ಅಷ್ಟರೊಳಗೆ ನನಗೆ ಇದು ಸ್ಪಷ್ಟವಾಗಬೇಕಿದೆ.

ನಿವೃತ್ತ ಮೇಷ್ಟ್ರು:

ನಿಮ್ಮ ಮಾವನವರು ಬೇಗ ಚೇತರಿಸಿಕೊಳ್ಳಲಿ, ತಾಯಿ. ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ವೈದ್ಯಕೀಯದ ಭಾಗವನ್ನು ಬಲ್ಲವರಿಗೆ ಬಿಟ್ಟು, ವಸ್ತು ಏನೆಂಬುದನ್ನು ಮಾತ್ರ ಹೇಳುತ್ತೇನೆ.

ಕೊಬ್ಬಿನಾಮ್ಲ ಎಂದರೆ ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ಅಪರ್ಯಾಪ್ತ ಕೊಬ್ಬಿನಲ್ಲಿ ಆ ಸರಪಳಿಯ ನಡುವೆ ದ್ವಿಬಂಧ, ಅಂದರೆ ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿ, ಇರುತ್ತದೆ, ಮತ್ತು ದ್ವಿಬಂಧವಿರುವ ಕಡೆ ಸರಪಳಿಯು ಮಡಿಸಿದ ಮೊಣಕೈಯಂತೆ ಬಾಗಿರುತ್ತದೆ. ಬಾಗಿದ ಸರಪಳಿಗಳು ಒಂದರ ಪಕ್ಕ ಒಂದು ಒತ್ತಾಗಿ ಕೂರಲಾರವು. ಎಣ್ಣೆ ಎಣ್ಣೆಯಾಗಿಯೇ ಹರಿಯುವುದು ಈ ಕಾರಣದಿಂದ. ಶೇಂಗಾ ಎಣ್ಣೆಯಲ್ಲಿ ಹೇರಳವಾಗಿರುವ ಓಲಿಕ್ ಆಮ್ಲವು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಅದೇ 18 ಇಂಗಾಲ, ಅದೇ ಅಣುಸೂತ್ರ, ಬಾಗು ಮಾತ್ರ ನೆಟ್ಟಗಾಗಿರುವ ಎಲೈಡಿಕ್ ಆಮ್ಲ ಕರಗಬೇಕಾದರೆ ಸುಮಾರು 45 ಡಿಗ್ರಿ ಬೇಕು. ಟ್ರಾನ್ಸ್ ಎಂದರೆ ಇಷ್ಟೇ: ನೆಟ್ಟಗಾದ ಸರಪಳಿ. (ನಮ್ಮ ಮೈಶಾಖ 37 ಡಿಗ್ರಿಯಾದ್ದರಿಂದ ಅದು ರಕ್ತನಾಳದೊಳಗೆ ಮೇಣದಂತೆ ಗಟ್ಟಿಯಾಗಿ ಕೂರುತ್ತದೆ ಎಂದು ಕೆಲವರು ಹಂಚುವ ಸಂದೇಶ ಸರಿಯಲ್ಲ. ಹಾನಿಯ ದಾರಿ ಬೇರೆ.)

1902ರಲ್ಲಿ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಎಂಬವರು, ಬಿಸಿ ಎಣ್ಣೆಗೆ ನಿಕ್ಕಲ್ ಪುಡಿಯ ಸಮ್ಮುಖದಲ್ಲಿ ಜಲಜನಕವನ್ನು ಹಾಯಿಸಿ ಅದನ್ನು ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಜಲಜನಕವನ್ನು ಪೂರ್ತಿ ಸೇರಿಸಿದರೆ ದ್ವಿಬಂಧಗಳೇ ಉಳಿಯುವುದಿಲ್ಲ, ಆದ್ದರಿಂದ ಟ್ರಾನ್ಸ್ ಕೊಬ್ಬೂ ಉಳಿಯುವುದಿಲ್ಲ. ಆದರೆ ಸಿಗುವ ಕೊಬ್ಬು ಗಡಸಾಗಿ ಅಡುಗೆಗೆ ಒಗ್ಗುವುದಿಲ್ಲ. ಬೆಣ್ಣೆಯ ಹದ ಬರಲೆಂದು ಕ್ರಿಯೆಯನ್ನು ನಡುವೆಯೇ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದಾಗ ಉಳಿದ ದ್ವಿಬಂಧಗಳಲ್ಲಿ ಹಲವು ಬಾಗನ್ನು ಕಳೆದುಕೊಂಡು ನೆಟ್ಟಗಾಗುತ್ತವೆ. ಎಲ್ಲ ಕೇಡೂ ಈ ‘ಅರ್ಧ’ದಲ್ಲಿದೆ.

ನಮ್ಮಲ್ಲಿ ಈ ವಸ್ತುವಿಗೆ ವನಸ್ಪತಿ ಎಂದು ಹೆಸರಾಯಿತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ಎಷ್ಟು ಮನೆಮಾತಾಯಿತೆಂದರೆ, ಯಾವ ಕಂಪನಿಯ ವನಸ್ಪತಿಯನ್ನು ತಂದರೂ ಜನ ಅದನ್ನು ಡಾಲ್ಡಾ ಎಂದೇ ಕರೆದರು. ತುಪ್ಪಕ್ಕೆ ಅದನ್ನು ಬೆರೆಸಿ ಮಾರುವುದನ್ನು ಪತ್ತೆಹಚ್ಚಲೆಂದು ವನಸ್ಪತಿಯಲ್ಲಿ ಕಡ್ಡಾಯವಾಗಿ ಎಳ್ಳೆಣ್ಣೆ ಸೇರಿಸಬೇಕೆಂಬ ನಿಯಮವಿತ್ತು. ಪ್ರಯೋಗಾಲಯದಲ್ಲಿ ಕರಗಿಸಿದ ತುಪ್ಪಕ್ಕೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಚಿಟಿಕೆ ಸಕ್ಕರೆ ಹಾಕಿ ಕುಲುಕಿಸುತ್ತಿದ್ದೆ. ಬೆರಕೆಯಿದ್ದರೆ ನಳಿಕೆಯ ತಳದಲ್ಲಿ ನಿಲ್ಲುವ ಆಮ್ಲದ ಪದರ ಕೆಂಪಗಾಗುತ್ತಿತ್ತು. ಆ ಕೆಂಪು ಎಳ್ಳೆಣ್ಣೆಯದು. ನಾವು ಅಷ್ಟು ವರ್ಷ ಮಕ್ಕಳಿಗೆ ತುಪ್ಪ ಶುದ್ಧವೇ ಎಂದು ನೋಡಲು ಕಲಿಸಿದೆವು. ವನಸ್ಪತಿಯೇ ತಿನ್ನಲು ಯೋಗ್ಯವೇ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಒಮ್ಮೆಯೂ ಎತ್ತಲಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ನಾಡಿಮಿಡಿತ:

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ವೈದ್ಯ. ಮೇಷ್ಟ್ರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ.

1990ರವರೆಗೆ ವೈದ್ಯರಲ್ಲಿ ಬಹುಪಾಲು ಜನರ ತಿಳಿವಳಿಕೆಯೆಂದರೆ, ಪ್ರಾಣಿಜನ್ಯ ಕೊಬ್ಬಿಗಿಂತ ವನಸ್ಪತಿಯೂ ಬೆಣ್ಣೆಯ ಬದಲಿಗೆ ಎಣ್ಣೆಯಿಂದ ಮಾಡುವ ಮಾರ್ಗರಿನ್ನೂ ಹೃದಯಕ್ಕೆ ಒಳ್ಳೆಯವು ಎಂಬುದಾಗಿತ್ತು. ಆ ವರ್ಷ ನೆದರ್ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಾಟಾನ್ 59 ಮಂದಿ ಆರೋಗ್ಯವಂತರಿಗೆ ಮೂರು ಬಗೆಯ ಆಹಾರವನ್ನು ತಲಾ ಮೂರು ವಾರ ಕೊಟ್ಟು ರಕ್ತ ಪರೀಕ್ಷಿಸಿದರು. ದ್ವಿಬಂಧವೇ ಇಲ್ಲದ ಪರ್ಯಾಪ್ತ ಕೊಬ್ಬು ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಅನ್ನು ಏರಿಸುವುದು ಮೊದಲೇ ಗೊತ್ತಿತ್ತು. ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಅನ್ನು ಏರಿಸಿದ್ದಲ್ಲದೆ, ರಕ್ಷಣೆ ನೀಡುವ ಎಚ್‌ಡಿಎಲ್ ಅನ್ನು ಇಳಿಸಿಯೂ ಬಿಟ್ಟಿತು. ನಾವು ತಿನ್ನುವ ಬೇರಾವ ಕೊಬ್ಬೂ ಎರಡೂ ಕಡೆಯಿಂದ ಹೀಗೆ ಹೊಡೆಯುವುದಿಲ್ಲ. ಜೊತೆಗೆ ಅದು ರಕ್ತನಾಳದ ಒಳಪದರದಲ್ಲಿ ಉರಿಯೂತವನ್ನು ಹೆಚ್ಚಿಸುವುದೂ ಮುಂದೆ ಕಂಡುಬಂತು.

ಅಮೆರಿಕದಲ್ಲಿ 80 ಸಾವಿರಕ್ಕೂ ಹೆಚ್ಚು ದಾದಿಯರನ್ನು 14 ವರ್ಷ ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಶಕ್ತಿಯ ಶೇ. 2ರಷ್ಟು ಪಿಷ್ಟದ ಬದಲು ಟ್ರಾನ್ಸ್ ಕೊಬ್ಬಿನಿಂದ ಬಂದರೆ ಹೃದಯದ ಕಾಯಿಲೆಯ ಸಾಧ್ಯತೆ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ ಎಂದು ಕಂಡುಬಂತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆ ಆ ಹೆಚ್ಚಳವನ್ನು ಶೇ. 23 ಎಂದು ಲೆಕ್ಕ ಹಾಕಿತು. ಯಾವುದನ್ನು ಹಿಡಿದರೂ, ಶೇ. 2 ಎಂದರೆ 2,000 ಕ್ಯಾಲೊರಿ ತಿನ್ನುವವರಿಗೆ ದಿನಕ್ಕೆ ನಾಲ್ಕೂವರೆ ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಿಕ್ಕ ಚಮಚ. ಇಷ್ಟು ಸಣ್ಣ ಪ್ರಮಾಣಕ್ಕೆ ಇಷ್ಟು ದೊಡ್ಡ ಪರಿಣಾಮ ಬೀರುವ ಕೊಬ್ಬನ್ನು ನಾನು ಬೇರೆ ಕಂಡಿಲ್ಲ.

ಈ ವಿಷಯ ಹೇಳುವಾಗ ಫ್ರೆಡ್ ಕುಮ್ಮೆರೋ ಅವರನ್ನು ನೆನೆಯದೆ ಇರಲಾರೆ. ಇಲಿನಾಯ್ ವಿಶ್ವವಿದ್ಯಾಲಯದ ಈ ವಿಜ್ಞಾನಿ 1957ರಲ್ಲೇ, ಟ್ರಾನ್ಸ್ ಕೊಬ್ಬು ಮನುಷ್ಯರ ಅಂಗಾಂಶಗಳಲ್ಲಿ ಸೇರಿಕೊಂಡಿರುವುದನ್ನು ಪ್ರಕಟಿಸಿದ್ದರು. ದಶಕಗಳ ಕಾಲ ಅವರ ಮಾತನ್ನು ಕೇಳುವವರು ವಿರಳವಾಗಿದ್ದರು. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಅರ್ಜಿ ಕೊಟ್ಟರು; ಉತ್ತರ ಬಾರದೆ ಹೋದಾಗ 2013ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2015ರ ಜೂನ್‌ನಲ್ಲಿ, ಅರ್ಧ ಜಲಜನಕ ಸೇರಿಸಿದ ಎಣ್ಣೆಗಳನ್ನು ಇನ್ನು ಸುರಕ್ಷಿತವೆಂದು ಪರಿಗಣಿಸಲಾಗದು ಎಂಬ ತೀರ್ಮಾನ ಹೊರಬಿದ್ದಾಗ ಅವರಿಗೆ ನೂರು ವರ್ಷ ತುಂಬಿತ್ತು.

ತುಂಗಭದ್ರೆ ಅವರೇ, ಮಾವನವರ ಕಾಯಿಲೆಗೆ ಖಾರಿಯೊಂದೇ ಕಾರಣ ಎಂದು ನಾನು ಹೇಳಲಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ವಂಶದ ಗುಣ ಎಲ್ಲವನ್ನೂ ನೋಡಬೇಕಾಗುತ್ತದೆ. ಆದರೆ ಆ ಚೀಟಿಯಲ್ಲಿ ಗೆರೆ ಎಳೆದವರು ಸರಿಯಾದ ಜಾಗದಲ್ಲೇ ಎಳೆದಿದ್ದಾರೆ.

ಗಾಣದೆಣ್ಣೆ:

ಇಷ್ಟೆಲ್ಲ ಓದಿದ ಮೇಲೂ ನನಗನ್ನಿಸುವುದು ಒಂದೇ. ನಮ್ಮ ಹಿರಿಯರು ಗಾಣದ ಎಣ್ಣೆ, ಮನೆಯ ತುಪ್ಪ ತಿಂದು ಗಟ್ಟಿಯಾಗಿದ್ದರು. ರಿಫೈಂಡ್ ಎಣ್ಣೆ ಬಂದ ಮೇಲೆಯೇ ಈ ರೋಗಗಳೆಲ್ಲ ಬಂದವು. ರಿಫೈಂಡ್ ಎಣ್ಣೆಯಲ್ಲಿಯೂ ಟ್ರಾನ್ಸ್ ಕೊಬ್ಬಿದೆ ಎಂದು ಓದಿದ್ದೇನೆ. ಗಾಣದ ಎಣ್ಣೆಗೆ ಬದಲಾಯಿಸಿದರೆ ಸಮಸ್ಯೆ ಬಗೆಹರಿಯುತ್ತದೆ ಎಂಬುದು ನನ್ನ ದೃಢ ನಂಬಿಕೆ.

ನಿವೃತ್ತ ಮೇಷ್ಟ್ರು:

ನೀವು ಓದಿದ್ದು ಸುಳ್ಳಲ್ಲ, ಆದರೆ ಪ್ರಮಾಣವನ್ನು ನೋಡಬೇಕು. ಎಣ್ಣೆಯ ವಾಸನೆ ತೆಗೆಯಲು 200 ಡಿಗ್ರಿಗೂ ಮೇಲೆ ಕಾಯಿಸುವಾಗ ಸ್ವಲ್ಪ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅಚ್ಚುಕಟ್ಟಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಅದು ಅತ್ಯಲ್ಪ. ವನಸ್ಪತಿಯ ಕಥೆಯೇ ಬೇರೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಾರುಕಟ್ಟೆಯ ವನಸ್ಪತಿಗಳಲ್ಲಿದ್ದ ಟ್ರಾನ್ಸ್ ಕೊಬ್ಬು ಡೆನ್ಮಾರ್ಕ್ ನಿಗದಿಪಡಿಸಿದ್ದ, ಒಟ್ಟು ಕೊಬ್ಬಿನ ಶೇ. 2ರ ಮಿತಿಗಿಂತ 5ರಿಂದ 12 ಪಟ್ಟು ಹೆಚ್ಚಿತ್ತು. ನಿಮ್ಮ ಮನೆಯ ಒಗ್ಗರಣೆಗೆ ಗಾಣದ ಎಣ್ಣೆ ಬಳಸುವುದು ಒಳ್ಳೆಯದೇ. ಆದರೆ ಮನೆಯಲ್ಲಿ ಗಾಣದೆಣ್ಣೆ ಬಳಸಿ, ಸಂಜೆ ಬೇಕರಿಯಲ್ಲಿ ವನಸ್ಪತಿಯ ತಿಂಡಿ ತಿಂದರೆ ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಂತೆ.

ಅತ್ತೆಯವರ ತುಪ್ಪದ ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು ಸಹಜವಾಗಿಯೇ ಟ್ರಾನ್ಸ್ ಕೊಬ್ಬನ್ನು ತಯಾರಿಸುತ್ತವೆ. ಹಾಲಿನ ಕೊಬ್ಬಿನಲ್ಲಿ ಅದು ಶೇ. 2ರಿಂದ 5ರ ಆಸುಪಾಸಿನಲ್ಲಿರುತ್ತದೆ. 5 ಗ್ರಾಂ ತುಪ್ಪದಲ್ಲಿ ಕಾಲು ಗ್ರಾಮನ್ನು ಮೀರದು. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಮೂಲಗಳನ್ನೂ ಸೇರಿಸಿ ದಿನಕ್ಕೆ 2.2 ಗ್ರಾಂ ಒಳಗೆ ಇರಬೇಕೆನ್ನುತ್ತದೆ. ಆದ್ದರಿಂದ ಒಂದು ಚಮಚ ತುಪ್ಪವನ್ನು ಟ್ರಾನ್ಸ್ ಕೊಬ್ಬಿನ ಭಯದಿಂದ ಬಿಡಬೇಕಿಲ್ಲ.

ನಾಡಿಮಿಡಿತ:

ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ: ತುಪ್ಪದ ಅರ್ಧಕ್ಕಿಂತ ಹೆಚ್ಚು ಭಾಗ ಪರ್ಯಾಪ್ತ ಕೊಬ್ಬು. ಸ್ಟೆಂಟ್ ಹಾಕಿಸಿಕೊಂಡವರು ಆ ಕಾರಣಕ್ಕಾಗಿ ಮಿತಿಯಲ್ಲಿರಬೇಕು. ಎಷ್ಟು ಎಂಬುದನ್ನು ಅವರ ವೈದ್ಯರು ಕೊಲೆಸ್ಟರಾಲ್ ಪರೀಕ್ಷೆ ನೋಡಿ ಹೇಳಲಿ.

ಕರಿದ ಎಣ್ಣೆಯ ವಿಷಯದಲ್ಲಿ ಪಕ್ಕದ ಮನೆಯವರು ಅರ್ಧ ಸರಿ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಟ್ರಾನ್ಸ್ ಕೊಬ್ಬು ಸ್ವಲ್ಪ ಏರುತ್ತದೆ ನಿಜ, ಆದರೆ ಅಲ್ಲಿ ಅದಕ್ಕಿಂತ ಮುಖ್ಯವಾದ ಅಪಾಯವೆಂದರೆ ಎಣ್ಣೆ ಒಡೆದು ಹುಟ್ಟುವ ಇತರ ಸಂಯುಕ್ತಗಳು. ಇವನ್ನು ಒಟ್ಟಾಗಿ ‘ಟೋಟಲ್ ಪೋಲಾರ್ ಕಾಂಪೌಂಡ್ಸ್’ ಎಂದು ಅಳೆಯುತ್ತಾರೆ. 2018ರ ಜುಲೈ 1ರಿಂದ ನಮ್ಮ ದೇಶದಲ್ಲಿ ಅವು ಶೇ. 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ, ಮತ್ತು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಅದರ ಲೆಕ್ಕ ಇಡಬೇಕು. ಮನೆಯಲ್ಲಿ ಅಳೆಯುವ ಉಪಕರಣ ಇರುವುದಿಲ್ಲ. ಎಣ್ಣೆ ಕಪ್ಪಾಗಿದ್ದರೆ, ಅಂಟಂಟಾಗಿದ್ದರೆ, ಬಾಣಲೆಯಲ್ಲಿ ನೊರೆ ಇಳಿಯದೆ ನಿಂತರೆ ಅದನ್ನು ಬಿಟ್ಟುಬಿಡಿ.

ಬೇಕರಿ ಭಟ್ಟಿ:

ನಾನು ದಾವಣಗೆರೆ ಕಡೆಯವನು. ಅಪ್ಪನ ಕಾಲದಿಂದ ನಮ್ಮದು ಚಿಕ್ಕ ಬೇಕರಿ. ಈ ಚರ್ಚೆಯನ್ನು ಎರಡು ಸಲ ಓದಿದೆ. ತುಂಗಭದ್ರೆ ಅಕ್ಕನವರ ಮಾವನಂಥ ಗಿರಾಕಿಗಳು ನಮ್ಮಲ್ಲಿಗೂ ದಿನಾ ಸಂಜೆ ಬರುತ್ತಾರೆ. ಆದ್ದರಿಂದ ಸುಮ್ಮನಿರಲು ಮನಸ್ಸಾಗಲಿಲ್ಲ.

ಖಾರಿ, ಪಫ್ಸ್ ಮಾಡುವುದು ಹೀಗೆ. ಮೈದಾ ಹಿಟ್ಟನ್ನು ನಾದಿ ಹಾಸಿ, ಅದರ ಮೇಲೆ ಕೊಬ್ಬಿನ ಹಾಳೆಯನ್ನು ಇಟ್ಟು, ಮಡಿಸಿ ಲಟ್ಟಿಸಿ, ಮತ್ತೆ ಮಡಿಸಿ ಲಟ್ಟಿಸುತ್ತೇವೆ. ಪದರ ಪದರವಾಗಿ ಏಳಬೇಕೆಂದರೆ ಕೊಬ್ಬು ಹಿಟ್ಟಿನೊಳಗೆ ಇಂಗಬಾರದು, ಹಾಳೆಯಾಗಿಯೇ ನಿಲ್ಲಬೇಕು. ಏಪ್ರಿಲ್ ತಿಂಗಳಲ್ಲಿ ನಮ್ಮ ಭಟ್ಟಿಯ ಕೋಣೆಯಲ್ಲಿ ಬೆಣ್ಣೆ ಇಟ್ಟು ಲಟ್ಟಿಸಿದರೆ, ಮೂರನೇ ಮಡಿಕೆಗೆ ಅದು ಕರಗಿ ಅಂಚಿನಿಂದ ಮೇಜಿನ ಮೇಲೆ ಹರಿಯುತ್ತದೆ. ವನಸ್ಪತಿ, ಮಾರ್ಗರಿನ್ ಹಾಗೆ ಹರಿಯುವುದಿಲ್ಲ. ಬೆಣ್ಣೆಗಿಂತ ಎಷ್ಟೋ ಅಗ್ಗ. ಮಾಡಿಟ್ಟ ಬಿಸ್ಕತ್ತು ತಿಂಗಳಾದರೂ ಕಮಟು ವಾಸನೆ ಹಿಡಿಯುವುದಿಲ್ಲ. ಅಪ್ಪ ಅದನ್ನು ಬಳಸಿದ್ದು ಯಾರಿಗೂ ಕೇಡು ಬಗೆಯಲು ಅಲ್ಲ. ಅದರಲ್ಲಿ ಇಂಥದ್ದಿದೆ ಎಂದು ನಮಗೆ ಹೇಳಿದವರೇ ಇರಲಿಲ್ಲ.

ಒಂದು ಅಂದಾಜು ಲೆಕ್ಕ ಕೊಡುತ್ತೇನೆ. ಒಂದು ಪಫ್ಸಿನಲ್ಲಿ 15 ಗ್ರಾಂ ಕೊಬ್ಬು ಹಿಡಿಯಿತೆಂದುಕೊಳ್ಳಿ. ಮೇಷ್ಟ್ರು ಹೇಳಿದ ಹಳೆಯ ವನಸ್ಪತಿಯಲ್ಲಿ ಶೇ. 20 ಟ್ರಾನ್ಸ್ ಕೊಬ್ಬಿದ್ದರೆ, ಆ ಒಂದು ಪಫ್ಸಿನಲ್ಲೇ 3 ಗ್ರಾಂ. ದಿನದ ಮಿತಿ ಅಲ್ಲಿಗೇ ಮುಗಿದು ಹೋಯಿತು. ನಮ್ಮ ದೇಶದ ಈಗಿನ ಶೇ. 2ರ ನಿಯಮದ ಕೊಬ್ಬಾದರೆ 0.3 ಗ್ರಾಂ. ಗಿರಾಕಿಗೆ ನೋಟದಲ್ಲಿ, ರುಚಿಯಲ್ಲಿ ಎರಡಕ್ಕೂ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ವ್ಯತ್ಯಾಸವೆಲ್ಲ ನಾವು ಯಾವ ಪೆಟ್ಟಿಗೆ ತರುತ್ತೇವೆ ಎಂಬುದರಲ್ಲಿದೆ.

ಈಗ ಸಗಟು ಅಂಗಡಿಯಲ್ಲಿ ಸಿಗುವ ಹೆಸರಾಂತ ಪೆಟ್ಟಿಗೆಗಳ ಮೇಲೆ ಟ್ರಾನ್ಸ್ ಕೊಬ್ಬಿನ ಪ್ರಮಾಣ ಅಚ್ಚಾಗಿರುತ್ತದೆ. ಆದರೆ ಪೂರ್ತಿ ಪೆಟ್ಟಿಗೆ ಕೊಳ್ಳಲಾಗದ ಸಣ್ಣವರಿಗೆ ಅದನ್ನೇ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ತೂಗಿ ಕೊಡುವ ಅಂಗಡಿಗಳಿವೆ. ಆ ಚೀಲದ ಮೇಲೆ ಹೆಸರೂ ಇಲ್ಲ, ಅಂಕಿಯೂ ಇಲ್ಲ. ನಾನೂ ಕೈ ಬಿಗಿಯಿದ್ದ ದಿನಗಳಲ್ಲಿ ಹಾಗೆ ತಂದಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಈಗ ತರುವುದಿಲ್ಲ.

ಬಡಗಣ ಕಡಲು:

ನಾನು ಕೋಪನ್‌ಹೇಗನ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗ. ಶೇ. 2ರ ಮಿತಿಯ ಮಾತು ಬಂದದ್ದರಿಂದ ಇಲ್ಲಿಯ ಅನುಭವವನ್ನು ಹೇಳುತ್ತೇನೆ. ಆಹಾರದ ಕೊಬ್ಬಿನಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂದು ಜಗತ್ತಿನಲ್ಲಿ ಮೊದಲು ಕಾನೂನು ಮಾಡಿದ್ದು ಡೆನ್ಮಾರ್ಕ್, 2003ರಲ್ಲಿ. ಸ್ಟೀನ್ ಸ್ಟೆಂಡರ್ ಎಂಬ ವೈದ್ಯರೂ ಅವರ ಜೊತೆಗಾರರೂ ಅಂಗಡಿಗಳಿಂದ ತಿಂಡಿಗಳನ್ನು ತಂದು ಪರೀಕ್ಷಿಸಿದ್ದರು. ಕರಿದ ಕೋಳಿ, ಆಲೂಗಡ್ಡೆ, ಪಾಪ್‌ಕಾರ್ನ್, ಬಿಸ್ಕತ್ತು ಇವನ್ನೇ ಆರಿಸಿ ತಿಂದರೆ 2001ರಲ್ಲಿ ಒಂದೇ ದಿನದಲ್ಲಿ ಸುಮಾರು 30 ಗ್ರಾಂ ಟ್ರಾನ್ಸ್ ಕೊಬ್ಬು ಹೊಟ್ಟೆ ಸೇರಬಹುದಿತ್ತು. ಕಾನೂನು ಬಂದ ಮೇಲೆ, 2005ರಲ್ಲಿ, ಅದೇ ತಿಂಡಿಗಳಲ್ಲಿ ಒಂದು ಗ್ರಾಂ ಕೂಡ ಇರಲಿಲ್ಲ. ತಿಂಡಿ ಯಾವುದೂ ಮಾರುಕಟ್ಟೆಯಿಂದ ಕಾಣೆಯಾಗಲಿಲ್ಲ, ಜನರು ತಮ್ಮ ಅಭ್ಯಾಸ ಬದಲಿಸಬೇಕಾಗಲೂ ಇಲ್ಲ. ಹೃದ್ರೋಗದ ಸಾವುಗಳು ಇಳಿದುದರಲ್ಲಿ ಈ ಕಾನೂನಿಗೂ ಪಾಲಿದೆ ಎಂದು ಆಮೇಲಿನ ಅಧ್ಯಯನ ತೋರಿಸಿತು.

ಪೊಟ್ಟಣ ಓದಿ ಕೊಳ್ಳಿರಿ ಎಂದು ಜನರಿಗೆ ಬುದ್ಧಿ ಹೇಳುವುದಕ್ಕಿಂತ, ವಸ್ತುವನ್ನೇ ಕಾರ್ಖಾನೆಯಲ್ಲಿ ತಡೆಯುವುದು ಮೇಲು ಎಂದು ನನಗೆ ಮನದಟ್ಟಾದದ್ದು ಇಲ್ಲಿ. ಬೇಕರಿ ಭಟ್ಟಿ ಅವರು ಹೇಳಿದ ಪ್ಲಾಸ್ಟಿಕ್ ಚೀಲವನ್ನು ಓದುವುದಾದರೂ ಹೇಗೆ?

ನಾಡಿಮಿಡಿತ:

ಭಾರತದಲ್ಲೂ ಮಿತಿ ಹಂತ ಹಂತವಾಗಿ ಇಳಿದಿದೆ: ಮೊದಲು ಶೇ. 10, ಬಳಿಕ ಶೇ. 5, 2021ರಲ್ಲಿ ಶೇ. 3, 2022ರ ಜನವರಿ 1ರಿಂದ ಶೇ. 2. ಇದು ಎಣ್ಣೆ, ವನಸ್ಪತಿಗಳಿಗೆ ಮಾತ್ರವಲ್ಲ, ಅವುಗಳಿಂದ ಮಾಡಿದ ತಿನಿಸುಗಳ ಕೊಬ್ಬಿಗೂ ಅನ್ವಯಿಸುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರಲ್ಲಿ ದೇಶದಾದ್ಯಂತ 6,245 ಮಾದರಿಗಳನ್ನು ಪರೀಕ್ಷಿಸಿದಾಗ 84ರಲ್ಲಿ ಮಾತ್ರ ಶೇ. 3ಕ್ಕಿಂತ ಹೆಚ್ಚು ಸಿಕ್ಕಿತು. ಇದು ನಿಜಕ್ಕೂ ಸಮಾಧಾನದ ಸುದ್ದಿ. ಆದರೆ ಅವು ಪೊಟ್ಟಣ ಕಟ್ಟಿದ ಆಹಾರಗಳು. ತೂಗಿ ಕೊಡುವ ಖಾರಿ, ರಸ್ತೆ ಬದಿಯ ಬಾಣಲೆ, ಜಾತ್ರೆಯ ಜಿಲೇಬಿ ಆ ಲೆಕ್ಕದಲ್ಲಿ ಬರುವುದಿಲ್ಲ. ನಮ್ಮ ಜನ ಹೆಚ್ಚಾಗಿ ತಿನ್ನುವುದು ಇವನ್ನೇ. ಮಾದರಿ ತೆಗೆಯುವ ಕೆಲಸ ಇನ್ನು ಮುಂದೆ ಅಲ್ಲಿಗೆ ಹೋಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಯಜಮಾನರ ಬಿಸ್ಕತ್ತಿನ ಬಗ್ಗೆ: 100 ಗ್ರಾಂ ಆಹಾರದಲ್ಲಿ ಟ್ರಾನ್ಸ್ ಕೊಬ್ಬು 0.2 ಗ್ರಾಂ ಮೀರದಿದ್ದರೆ ‘ಟ್ರಾನ್ಸ್ ಕೊಬ್ಬು ಮುಕ್ತ’ ಎಂದು ಹೇಳಿಕೊಳ್ಳಬಹುದು. ಆ ಮಾತನ್ನು ನಂಬಬಹುದು. ಆದರೆ ಸೊನ್ನೆಯ ಪಕ್ಕದ ಪರ್ಯಾಪ್ತ ಕೊಬ್ಬಿನ ಸಾಲನ್ನೂ ಓದಲು ಹೇಳಿ. ಹಳೆಯ ವನಸ್ಪತಿಯ ಜಾಗಕ್ಕೆ ಬಂದಿರುವುದು ಬಹುತೇಕ ತಾಳೆ ಎಣ್ಣೆಯ ಗಟ್ಟಿ ಭಾಗ, ಮತ್ತು ಕೊಬ್ಬಿನಾಮ್ಲಗಳನ್ನು ಅದಲು ಬದಲು ಮಾಡಿ ಹದಕ್ಕೆ ತಂದ ‘ಇಂಟರ್‌ಎಸ್ಟೆರಿಫೈಡ್’ ಕೊಬ್ಬು. ತಾಳೆ ಎಣ್ಣೆಯ ಸುಮಾರು ಅರ್ಧ ಪರ್ಯಾಪ್ತ ಕೊಬ್ಬು. ಟ್ರಾನ್ಸ್ ಕೊಬ್ಬಿಗಿಂತ ಅದು ಎಷ್ಟೋ ವಾಸಿ. ಹಾಗೆಂದು ಸ್ಟೆಂಟ್ ಹಾಕಿಸಿಕೊಂಡವರು, ಜೊತೆಗೆ ಮೈದಾ, ಸಕ್ಕರೆಯೂ ತುಂಬಿರುವ ಬಿಸ್ಕತ್ತನ್ನು ಎಷ್ಟು ಬೇಕಾದರೂ ತಿನ್ನಬಹುದು ಎಂದಾಗುವುದಿಲ್ಲ.

ಗಾಣದೆಣ್ಣೆ:

ತುಪ್ಪದ ವಿಷಯದಲ್ಲಿ ನಾನು ಹೇಳಿದ್ದಕ್ಕೂ ವೈದ್ಯರು ಹೇಳಿದ್ದಕ್ಕೂ ಇನ್ನೂ ಅಂತರವಿದೆ, ಅದನ್ನು ಬೇರೆ ಕಡೆ ಚರ್ಚಿಸೋಣ. ಆದರೆ ಬೇಕರಿಯ ಕಡೆ ನನ್ನ ಗಮನ ಹೋಗಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ನಮ್ಮ ಮನೆಗೆ ಪ್ರತಿ ಭಾನುವಾರ ಅರ್ಧ ಕಿಲೋ ಬೆಣ್ಣೆ ಬಿಸ್ಕತ್ತು ಬರುತ್ತದೆ. ಅದರಲ್ಲಿ ಬೆಣ್ಣೆಯೇ ಇದೆಯೇ ಎಂದು ನಾನು ಒಮ್ಮೆಯೂ ಕೇಳಿದವನಲ್ಲ.

ತುಂಗಭದ್ರೆ:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಎಲ್ಲವನ್ನೂ ಮಾವನವರಿಗೆ ಓದಿ ಹೇಳಿದೆ. ಕುಮ್ಮೆರೋ ಅವರ ಕಥೆಯನ್ನು ಮತ್ತೊಮ್ಮೆ ಓದಿಸಿಕೊಂಡರು. ನಿನ್ನೆ ಅವರೇ ನನ್ನ ಜೊತೆ ಬೇಕರಿಯವರೆಗೆ ನಡೆದು ಬಂದು, ಯಾವ ಕೊಬ್ಬು ಬಳಸುತ್ತೀರಿ ಎಂದು ವಿಚಾರಿಸಿದರು. ಅಂಗಡಿಯವರು ಬೇಸರಿಸಿಕೊಳ್ಳದೆ ಒಳಗಿನಿಂದ ರಟ್ಟಿನ ಪೆಟ್ಟಿಗೆಯ ಮುಚ್ಚಳವನ್ನೇ ತಂದು ತೋರಿಸಿದರು. ಅದರ ಮೇಲೆ ಶೇ. 2ಕ್ಕಿಂತ ಕಡಿಮೆ ಎಂದಿತ್ತು. ಮಾವನವರು ಅವರಿಗೆ ವಂದಿಸಿ, ಖಾರಿ ಕೊಳ್ಳದೆ, ಪಕ್ಕದ ಅಂಗಡಿಯಲ್ಲಿ ಹುರಿದ ಕಡಲೆ ಕಟ್ಟಿಸಿಕೊಂಡರು. ಅತ್ತೆಯವರು ಅವರಿಗೆ ಅನ್ನದ ಮೇಲೆ ಅರ್ಧ ಚಮಚ ತುಪ್ಪವನ್ನು ಮತ್ತೆ ಶುರು ಮಾಡಿದ್ದಾರೆ. ಅಷ್ಟಕ್ಕೆ ಅವರ ವೈದ್ಯರ ಒಪ್ಪಿಗೆ ಸಿಕ್ಕಿದೆ.

ಒಂದು ಸಂದೇಹ ಮಾತ್ರ ಉಳಿದಿದೆ, ಬೇಕರಿ ಭಟ್ಟಿ ಅಣ್ಣನವರೇ. ನಿಪ್ಪಟ್ಟಿನ ಹಿಟ್ಟಿಗೆ ನಮ್ಮ ಅತ್ತೆ ಬಿಸಿ ಡಾಲ್ಡಾ ಹಾಕುವುದು ರೂಢಿ. ಇಲ್ಲದಿದ್ದರೆ ಗರಿಗರಿಯಾಗುವುದಿಲ್ಲ ಎನ್ನುತ್ತಾರೆ. ಅದರ ಬದಲು ಏನು ಹಾಕಬಹುದು?

ಬೇಕರಿ ಭಟ್ಟಿ:

ಅಕ್ಕಾ, ಶೇಂಗಾ ಎಣ್ಣೆಯನ್ನೇ ಚೆನ್ನಾಗಿ ಕಾಯಿಸಿ ಹಾಕಿ. ಹಿಟ್ಟಿಗೆ ಸುರಿದಾಗ ಸುರ್ರೆಂದು ಸದ್ದು ಬರಬೇಕು. ಚಮಚದಲ್ಲಿ ಕಲೆಸಿ, ಸ್ವಲ್ಪ ಆರಿದ ಮೇಲೆ ಎರಡೂ ಅಂಗೈಯಲ್ಲಿ ಉಜ್ಜಿ. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟು ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಉದುರಬೇಕು. ನೀರು ಆಮೇಲೆ, ಅದೂ ಸ್ವಲ್ಪ ಸ್ವಲ್ಪವಾಗಿ. ಹುರಿಗಡಲೆ ಪುಡಿಯನ್ನು ಒಂದು ಹಿಡಿ ಹೆಚ್ಚಿಗೆ ಹಾಕಿದರೆ ಇನ್ನೂ ಗರಿ ಬರುತ್ತದೆ. ಉರಿ ಜೋರು ಮಾಡಬೇಡಿ. ನಿಪ್ಪಟ್ಟು ನಿಧಾನವಾಗಿ ಬೇಯಲಿ. ಚಿರೋಟಿಯ ಪದರಕ್ಕೆ ಮಾತ್ರ ಎಣ್ಣೆ ನಿಲ್ಲುವುದಿಲ್ಲ. ಅದಕ್ಕೆ ಗಟ್ಟಿ ತುಪ್ಪವನ್ನು ಅಕ್ಕಿ ಹಿಟ್ಟಿನ ಜೊತೆ ಬೆಳ್ಳಗಾಗುವವರೆಗೆ ನೊರೆಸಿ ಸಾಟಿ ಮಾಡಿಕೊಳ್ಳಿ, ಮತ್ತು ಬೆಳಗಿನ ತಂಪಿನಲ್ಲೇ ಲಟ್ಟಿಸಿ ಮುಗಿಸಿ.